ಹೊಳೆಗೊಂದು ಹೊಸ ಮುಚ್ಚಳ

ನನ್ನ ಮೊಮ್ಮಗಳು ಹೊಳೆ ನೋಡಿದಳು!

ಮೊದಲು ಇದನ್ನು ಹೇಳಿಬಿಡಬೇಕು, ಮಿಕ್ಕಿದ್ದೆಲ್ಲ ಆಮೇಲೆ. ಅವಳಿಗೆ ವಯಸ್ಸು ಇಪ್ಪತ್ತೆರಡು ದಿನ. ಅವಳ ಅಪ್ಪ, ಅಂದರೆ ನನ್ನ ಮಗ ಮುರುಗೇಶನಿಗೆ, ನಲವತ್ತೊಂದು ವರ್ಷ. ಅದೇ ಹೊಳೆಯ ದಡದಲ್ಲಿ ಹುಟ್ಟಿದ, ಅಲ್ಲೇ ಅಂಬೆಗಾಲಿಟ್ಟ, ಅಲ್ಲೇ ಅವನಿಗೆ ಮೀಸೆ ಬಂತು, ಆ ಮೀಸೆ ಅಲ್ಲೇ ನರೆಯುವುದಕ್ಕೂ ಶುರುವಾಯಿತು. ಹೊಳೆಯ ಮುಖ ನೋಡಿದ್ದು ಮಾತ್ರ ಹೋದ ವಾರ. ಅಪ್ಪ ಮಗಳಲ್ಲಿ ಯಾರು ಚುರುಕು ಎಂದು ನೀವೇ ತೀರ್ಮಾನಿಸಿ.

ಹನ್ನೊಂದು ವರ್ಷ ಕಾಯಿಸಿ ಬಂದವಳು. ಬಣ್ಣ ಅಮ್ಮನದು, ಹಟ ಅಪ್ಪನದು, ಮೂಗು ನನ್ನದು. ಮೂಗು ತಮ್ಮ ತಾಯಿಯದು ಎಂದು ನಮ್ಮ ಯಜಮಾನರು ವಾದಿಸುತ್ತಾರೆ. ವಾದಿಸಲಿ, ಕನ್ನಡಿ ನನ್ನ ಕಡೆಗಿದೆ. ಕಿವಿ ಮಾತ್ರ ನನ್ನದಾಗದೆ ಅವಳ ಅಮ್ಮನದೇ ಆಗಲಿ ಎಂದು ಬೇಡಿಕೊಂಡಿದ್ದೇನೆ. ಯಾಕೆ ಎಂದು ಈಗಲೇ ಹೇಳಿದರೆ ಸ್ವಾರಸ್ಯ ಕೆಡುತ್ತದೆ.

ಇಷ್ಟು ಧೈರ್ಯವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಅದನ್ನು ಓದಲು ನನ್ನನ್ನು ಬಿಟ್ಟರೆ ಒಬ್ಬರಿಗೂ ಬರುವುದಿಲ್ಲ. ಯಜಮಾನರ ತಾತ ಮುತ್ತಾತಂದಿರು ಯಾವ ಕಾಲದಲ್ಲೋ ದನ ಹೊಡೆದುಕೊಂಡು ತಿರುಪ್ಪೂರಿನ ಈ ಸೀಮೆಗೆ ಬಂದು ಹೊಲ ಮಾಡಿದವರು. ಹೊಲ ಹೋಯಿತು, ದನ ಹೋಯಿತು, ಮಾತು ಉಳಿಯಿತು. ಹೊಸಿಲ ಒಳಗೆ ಕನ್ನಡ, ಹೊಸಿಲು ದಾಟಿದ ಕಾಲಿಗೆ ತಮಿಳು. ನಮ್ಮ ಮನೆಯ ಬೆಕ್ಕಿಗೆ ಕನ್ನಡ ಅರ್ಥವಾಗುತ್ತದೆ, ಬೀದಿಯ ನಾಯಿಯನ್ನು ತಮಿಳಿನಲ್ಲೇ ಗದರಬೇಕು. ಇಂಥ ಮನೆಗೆ ನಾನು ತಾಳವಾಡಿ ಕಡೆಯ ಒಂದು ಹಳ್ಳಿಯಿಂದ ಸೊಸೆಯಾಗಿ ಬಂದೆ, ಅಲ್ಲಿನ ಕನ್ನಡ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು ಮುಗಿಸಿ. ಐದನೇ ಕ್ಲಾಸಿಗೆ ಪಕ್ಕದೂರಿಗೆ ನಡೆಯಬೇಕಿತ್ತು, ದಾರಿಯಲ್ಲಿ ಆನೆ ಕಾಟ. ಆನೆಗೆ ಬುದ್ಧಿ ಹೇಳುವುದಕ್ಕಿಂತ ಮಗಳನ್ನು ಮನೆಯಲ್ಲಿ ಕೂರಿಸುವುದು ಸುಲಭ ಎಂದು ನಮ್ಮಪ್ಪನಿಗೆ ತೋರಿತು.

ಆ ನಾಲ್ಕು ಕ್ಲಾಸಿಗೆ ಈ ಮನೆಯಲ್ಲಿ ಸಿಕ್ಕ ಮರ್ಯಾದೆ ನೋಡಬೇಕಿತ್ತು! ನಮ್ಮ ಅತ್ತೆ ಹೆಬ್ಬೆಟ್ಟು, ಅವರ ಓರಗಿತ್ತಿಯರೂ ಹೆಬ್ಬೆಟ್ಟು. ನಾನು ತವರಿನಿಂದ ತಂದ ಪಂಚಾಂಗವನ್ನು ಜೋರಾಗಿ ಓದಿದರೆ ಪಕ್ಕದ ಮನೆಯವರು ಕೈ ಕಟ್ಟಿಕೊಂಡು ನಿಲ್ಲುತ್ತಿದ್ದರು. ಯಜಮಾನರಿಗೆ ಮಾತ್ರ ಅದನ್ನು ಸಹಿಸಲಾಗಲಿಲ್ಲ. ಅಂದಿನಿಂದ ಇಂದಿನವರೆಗೆ ಅವರು ನನ್ನನ್ನು ಕರೆಯುವ ಹೆಸರೇ 'ನಾಲ್ಕನೇ ಕ್ಲಾಸು'. ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು. ಬಟ್ಟೆಯ ಮೇಲೆ ಕತ್ತರಿ ಆಡಿಸಿದ್ದು ಸಾಲದೆ ಮನೆಯಲ್ಲಿ ಮಾತಿನ ಮೇಲೂ ಆಡಿಸುತ್ತಾರೆ.

ಹೊಳೆಯ ವಿಷಯಕ್ಕೆ ಬರುತ್ತೇನೆ. ನೊಯ್ಯಲ್ ನದಿಗೆ ಹೋಗಿ ಸೇರುವ ಹೊಳೆ ಅದು. ಅದಕ್ಕೊಂದು ಹೆಸರಿದೆ, ಬರೆಯುವುದಿಲ್ಲ. ಬರೆದರೆ ಯಾರಾದರೂ ಫೈಲು ಹಿಡಿದುಕೊಂಡು ಮನೆ ಬಾಗಿಲಿಗೆ ಬಂದಾರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದು ತೆರೆದೇ ಇತ್ತು. ಮನೆಯ ಮುಂದಿನ ಬೀದಿ ದಾಟಿದರೆ ಕಲ್ಲು ಮೆಟ್ಟಿಲು, ಕೆಳಗೆ ನೀರು. ನೀರು ಎಂದರೆ ನೀರಿನ ಬಣ್ಣದ್ದೇ ಎಂದುಕೊಳ್ಳಬೇಡಿ. ಮೇಲುಗಡೆ ನೂಲಿಗೆ ಬಣ್ಣ ಹಾಕುವ ಪಟ್ಟರೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಸೋಮವಾರ ಕೆಂಪು, ಬುಧವಾರ ಹಸಿರು. ಅತ್ತೆ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು, "ಇವತ್ತು ನೇರಳೆ. ಒಗೆಯೋ ಬಿಳಿ ವೇಷ್ಟಿ ನಾಳೆಗೆ ಇರ್ಲಿ" ಎಂದು ಹೇಳಿಬಿಡುತ್ತಿದ್ದರು.

ಆಮೇಲೆ ವಾಸನೆ ಶುರುವಾಯಿತು. ನಮ್ಮ ಮನೆಯಲ್ಲಿ ಪಾತ್ರೆ ನಾತ ಹೊಡೆದರೆ ನಾವು ಅದನ್ನು ತೊಳೆಯುತ್ತೇವೆ. ದೊಡ್ಡ ಆಫೀಸುಗಳಲ್ಲಿ ಓದಿದವರು ಇರುತ್ತಾರೆ, ಅವರು ಮುಚ್ಚಿಡುತ್ತಾರೆ. ಹೊಳೆಯ ನಡುವೆ ಕಂಬ ನಿಲ್ಲಿಸಿ, ಮೇಲೆ ಈ ದಡದಿಂದ ಆ ದಡಕ್ಕೆ ಕಾಂಕ್ರೀಟ್ ಸ್ಲಾಬ್ ಹಾಸಿ, ಊರಿಗೆ ಹೊಸ ಬೀದಿ ಕೊಟ್ಟೆವು ಎಂದು ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳು ಯಾಕೆ. ಸ್ಲಾಬಿನ ಮೇಲೆ ಟೊಮೆಟೊ ಗಾಡಿ ಬಂತು, ಬೈಕು ಸ್ಟ್ಯಾಂಡು ಬಂತು, ಟೀ ಅಂಗಡಿ ಬಂತು, ನಾಲ್ಕು ಪಕ್ಷಗಳ ನಾಲ್ಕು ಬಾವುಟದ ಕಂಬ ಬಂತು. ಕೆಳಗೆ ಒಂದು ಹೊಳೆ ಇದೆ ಎಂಬುದು ಹೊಳೆಗೇ ಮರೆತುಹೋಯಿತೇನೋ.

ಮರೆಯದವರು ನಮ್ಮ ಅತ್ತೆ ಒಬ್ಬರೇ. ಆಗ ನಾನು ತುಂಬು ಬಸುರಿ, ಮುರುಗೇಶ ಹೊಟ್ಟೆಯಲ್ಲಿದ್ದ. ನಮ್ಮ ಜನದಲ್ಲಿ ಒಂದು ಪದ್ಧತಿ ಇದೆ. ಮಗು ಹುಟ್ಟಿದ ಇಪ್ಪತ್ತೆರಡನೇ ದಿನ ಅದನ್ನು ಹೊಳೆಗೆ ತೋರಿಸಬೇಕು. ಅರಿಶಿನ ಕುಂಕುಮ ಇಟ್ಟು, ಮಗುವಿನ ತಲೆಗೆ ಮೂರು ಹನಿ ನೀರು ಮುಟ್ಟಿಸಿ, ಅದರ ಹೆಸರಿನಲ್ಲಿ ಒಂದು ಗಾಜಿನ ಬಳೆಯನ್ನು ಹೊಳೆಗೆ ಬಿಡಬೇಕು. ಅಲ್ಲಿಯ ತನಕ ಬಾಣಂತಿ ಅಡುಗೆಮನೆಗೆ ಕಾಲಿಡುವ ಹಾಗಿಲ್ಲ, ಅಪ್ಪ ಮಗುವನ್ನು ಎತ್ತಿಕೊಳ್ಳುವ ಹಾಗಿಲ್ಲ. ಸಂಜೆ ಬಾಣಂತಿ ತನ್ನ ಕೈಯಾರೆ ಅಡುಗೆಗೆ ಉಪ್ಪು ಹಾಕುತ್ತಾಳೆ, ಮನೆಮಂದಿಯೆಲ್ಲ ಗಂಡು ಹೆಣ್ಣು ಭೇದವಿಲ್ಲದೆ ಒಟ್ಟಿಗೆ ಕೂತು ಉಣ್ಣುತ್ತಾರೆ. ಇಷ್ಟೇ. ಈಗ ಹೊಳೆಯೇ ಸ್ಲಾಬಿನ ಕೆಳಗೆ ಹೋದರೆ ಮಗುವನ್ನು ಯಾರಿಗೆ ತೋರಿಸುವುದು? ಬೈಕು ಸ್ಟ್ಯಾಂಡಿಗೋ?

ಅತ್ತೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ನನ್ನನ್ನು ಕರೆದರು. "ನೀನು ಓದ್ದೋಳು. ಹೊಳೆ ಎಲ್ಲಿ ಕೇಳ್ತದೆ ನೋಡಿ ಹೇಳು" ಎಂದರು.

ನಮ್ಮ ಮನೆಯ ಎದುರಿಗೆ, ಲೈಟು ಕಂಬದ ಬುಡದಲ್ಲಿ, ಒಂದು ಕಬ್ಬಿಣದ ಜಾಲರಿ ಕೂರಿಸಿದ್ದರು. ಮೆಟ್ಟಿಲಿಗೂ ದಡಕ್ಕೂ ಮಣ್ಣು ತುಂಬಿ ಸಮ ಮಾಡಿದ್ದರಿಂದ ಹಳೆಯ ಬೀದಿ ಎಲ್ಲಿ ಮುಗಿದು ಹೊಳೆ ಎಲ್ಲಿ ಶುರುವಾಗುತ್ತದೆ ಎಂದು ಗುರುತು ಸಿಗುತ್ತಿರಲಿಲ್ಲ. ಬಸುರಿ ಹೆಂಗಸು ನಾನು ಪ್ರಯಾಸಪಟ್ಟು ಮಂಡಿಯೂರಿ, ಜಾಲರಿಗೆ ಕಿವಿ ಕೊಟ್ಟೆ. ಸುತ್ತಲೂ ಜನ. ಒಳಗೆ ಜುಳುಜುಳು ಎಂದು ನೀರು ಹರಿಯುವ ಸದ್ದು! "ಇಲ್ಲೇ ಅತ್ತೆ, ಇದರ ಕೆಳಗೇ ಹೊಳೆ" ಎಂದೆ. ನಾಲ್ಕನೇ ಕ್ಲಾಸಿನ ಪೂರ್ತಿ ಗತ್ತಿನಿಂದ ಎಂದೆ. ಅತ್ತೆ ಅಲ್ಲೇ ನೆಲಕ್ಕೆ ಕೈ ಮುಗಿದರು.

ಆ ಜಾಲರಿಗೆ ಮುರುಗೇಶನನ್ನು ತೋರಿಸಿದೆವು. ನಾದಿನಿಯರ ಮಕ್ಕಳನ್ನು ತೋರಿಸಿದೆವು. ಸುತ್ತಲಿನ ನಮ್ಮ ಜನರೂ ಮಕ್ಕಳನ್ನು ತಂದು ತೋರಿಸಿದರು. ಮಡತ್ತುಕುಳಂ ಕಡೆಯ ನೆಂಟರು ತಮ್ಮೂರಿನ ಹತ್ತಿರ ಅಮರಾವತಿ ಹೊಳೆ ತೆರೆದು ಹರಿಯುತ್ತಿರುವಾಗ ಬಸ್ಸು ಹತ್ತಿ ಬಂದು ನಮ್ಮ ಜಾಲರಿಗೆ ಮಗು ತೋರಿಸಿ ಹೋದದ್ದೂ ಉಂಟು. ಪಕ್ಕದಲ್ಲೇ ಇದ್ದ ಬಣ್ಣದ ಪಟ್ಟರೆ ಒಂದು ದಿನ ಬಾಗಿಲು ಹಾಕಿತು. ಆಮೇಲೆ ಜಾಲರಿಯ ಒಳಗಿನ ಸದ್ದು ನಿಂತಿತು. ಎರಡಕ್ಕೂ ಸಂಬಂಧ ಇರಬಹುದು ಎಂದು ಯಾರಿಗಾದರೂ ಹೊಳೆಯಿತೇ? ಇಲ್ಲ. "ಹೊಳೆಮ್ಮ ಮುನಿಸ್ಕೊಂಡಿದ್ದಾಳೆ" ಎಂದು ಅತ್ತೆ ಜಾಲರಿಗೆ ಇನ್ನೂ ಒಂದು ತೆಂಗಿನಕಾಯಿ ಒಡೆದರು, ಒಂದು ಹಿತ್ತಾಳೆ ದೀಪವನ್ನೂ ಒಳಗೆ ಇಳಿಯಬಿಟ್ಟರು.

ಅತ್ತೆ ಹೋದ ಮೇಲೆ ಆ ಅಧಿಕಾರ ನನಗೆ ಬಂತು. ಮುರುಗೇಶನಿಗೆ ಕವಿತಾಳನ್ನು ತಂದೆವು. ತಾಯಿ ಇಲ್ಲದ ಹುಡುಗಿ, ಮಾತು ಕಮ್ಮಿ. ಒಂದು ವರ್ಷ ಆಯಿತು, ಎರಡು ಆಯಿತು, ಮಗುವಿನ ಸುಳಿವಿಲ್ಲ. ನಾನು ಸುಮ್ಮನಿರುವವಳೇ? ಪ್ರತಿ ಶುಕ್ರವಾರ ಸಂಜೆ ಜಾಲರಿಯ ಮುಂದೆ ನಿಂತು ಅರಿಶಿನದ ನೀರು ಹೊಯ್ದು ಒಂದು ಹಸಿರು ಬಳೆ ಬಿಡಬೇಕು ಎಂದು ಅಪ್ಪಣೆ ಮಾಡಿದೆ. ಮಿಕ್ಕ ಆರು ದಿನ, "ಏನಾದ್ರೂ ವಿಶೇಷ ಉಂಟಾ ಕಣ್ಣು?" ಎಂದು ತಮಿಳರ ಹಾಗೆ ಮುದ್ದಾಗಿ ಕರೆದು ಕೇಳುವ ಕೆಲಸ ನನ್ನದು. ನಾನು ಮರೆತರೆ ಕೇಳುವುದಕ್ಕೆ ಬೀದಿಯೇ ಇತ್ತು. ಬನಿಯನ್ ಕಂಪನಿಯಲ್ಲಿ ಇಪ್ಪತ್ತು ವರ್ಷ ಪಿಸಿರು ಕತ್ತರಿಸಿದವಳು ನಾನು. ಪಿಸಿರು ಎಂದರೆ ಹೊಲಿಗೆಯ ಕೊನೆಯಲ್ಲಿ ಉಳಿಯುವ ನೂಲಿನ ತುದಿ. ಎಲ್ಲಿ ಒಂದು ಎಳೆ ಕಂಡರೂ ಎಳೆದು ನೋಡದಿದ್ದರೆ ಕೈ ನಿಲ್ಲುವುದಿಲ್ಲ. ಪಾಪದ ಹುಡುಗಿಯನ್ನೂ ಹಾಗೇ ಎಳೆದೆ.

ಕೊನೆಗೆ ಅವರಿಬ್ಬರೂ ಕೊಯಮತ್ತೂರಿಗೆ, ಆರ್.ಎಸ್. ಪುರಂನ ಒಬ್ಬ ಡಾಕ್ಟರಮ್ಮನ ಹತ್ತಿರ ಹೋಗಿ ಬರಲು ಶುರುಮಾಡಿದರು. ಗರ್ಭ ನಿಂತಿತು. ಮುರುಗೇಶ ಡಾಕ್ಟರಮ್ಮನಿಗೆ ಕೈ ಮುಗಿದ. ನಾನು ಜಾಲರಿಗೆ ಕೈ ಮುಗಿದೆ. ಕವಿತಾ ಇಬ್ಬರನ್ನೂ ನೋಡಿ ಸುಮ್ಮನೆ ನಕ್ಕಳು. ಆ ನಗುವಿನ ಅರ್ಥ ಆಗ ನನಗೆ ಆಗಲಿಲ್ಲ.

ಇಷ್ಟರಲ್ಲಿ ಮುಚ್ಚಳಕ್ಕೆ ವಯಸ್ಸಾಗಿತ್ತು. ಮೂರು ವರ್ಷದ ಹಿಂದೆ ಬನಿಯನ್ ಬೇಲು ತುಂಬಿದ ಲಾರಿಯೊಂದರ ಹಿಂದಿನ ಚಕ್ರ ಸ್ಲಾಬಿನೊಳಗೆ ಇಳಿದುಹೋಯಿತು. ಯಾರಿಗೂ ಏನೂ ಆಗಲಿಲ್ಲ, ಒಳಗಿಂದ ಬಂದ ವಾಸನೆಗೆ ಡ್ರೈವರ್ ಓಡಿದ ಅಷ್ಟೇ. ಆಮೇಲೆ ಅಳೆಯಲು ಜನ ಬಂದರು. ಅಳೆದು ಹೋದರು. ಅಳೆದದ್ದು ಸರಿಯಿದೆಯೇ ಎಂದು ಅಳೆಯಲು ಬೇರೆ ಜನ ಬಂದರು. ಮುಚ್ಚಳ ತೆಗೆದು ಹೊಳೆಯನ್ನು ತೊಳೆಯುತ್ತಾರೇನೋ ಎಂದು ನಾನು ಆಸೆಪಟ್ಟೆ. ಇಲ್ಲವಂತೆ. ಹಳೆಯ ಮುಚ್ಚಳ ತೆಗೆದು ಹೊಸ ಮುಚ್ಚಳ ಹಾಕುತ್ತಾರಂತೆ, ಇನ್ನೂ ದಪ್ಪದ್ದು, ಲಾರಿ ಎರಡು ಬಂದರೂ ತಡೆಯುವಂಥದ್ದು. ಒಳಗಿರುವುದರ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಹಳಸಿದ ಸಾರಿಗೆ ಹೊಸ ತಟ್ಟೆ ಮುಚ್ಚಿ ಗಂಡನ ಮುಂದೆ ಇಟ್ಟರೆ ಏನಾಗುತ್ತದೆ ಎಂದು ಆ ಆಫೀಸರುಗಳು ಮನೆಯಲ್ಲಿ ಒಮ್ಮೆ ಕೇಳಿ ನೋಡಬೇಕು.

ಪಾಪು ಹುಟ್ಟಿ ಹನ್ನೆರಡನೇ ದಿನ ಕ್ರೇನು ನಮ್ಮ ಮನೆಯ ಎದುರಿಗೆ ಬಂತು. ಸ್ಲಾಬು ಒಂದೊಂದಾಗಿ ಎದ್ದವು. ಬೀದಿಯೆಲ್ಲ ಮೂಗು ಹಿಡಿದುಕೊಂಡು ನೋಡಿತು. ಕಪ್ಪು ಕೆಸರು, ಪ್ಲಾಸ್ಟಿಕ್ಕು, ಮುರಿದ ಕುರ್ಚಿ, ನಡುವೆ ಎರಡಾಳು ಅಗಲಕ್ಕೆ ಹರಿಯುವ ನೀರು. ಹರಿಯುತ್ತಿತ್ತು ನೋಡಿ! ಇಷ್ಟು ವರ್ಷ ಕತ್ತಲಲ್ಲಿ ಕೂಡಿ ಹಾಕಿದ್ದರೂ ಹರಿಯುವುದನ್ನು ಬಿಟ್ಟಿರಲಿಲ್ಲ. ಮುರುಗೇಶ ದಡದಲ್ಲಿ ನಿಂತು, "ಇದಾಮ್ಮಾ ಹೊಳೆ?" ಎಂದ. "ಆಮಾ, ಇದೇ" ಎಂದೆ. "ಇಷ್ಟೇನಾ?" ಎಂದ. ನಲವತ್ತೊಂದು ವರ್ಷ ಮನೆಯೆದುರಿನ ಹೊಳೆ ನೋಡದವನಿಗೆ ಅಗಲ ಬೇರೆ ಸಾಲದು.

ಆದರೆ ನನಗೆ ತಲೆ ತಿರುಗಿದ್ದು ಬೇರೆ ಕಾರಣಕ್ಕೆ. ಹೊಳೆ ಹರಿಯುತ್ತಿದ್ದದ್ದು ಬೀದಿಯ ಆ ಕಡೆ, ಟೀ ಅಂಗಡಿ ಇದ್ದ ಜಾಗದ ಕೆಳಗೆ. ನಮ್ಮ ಜಾಲರಿ ಬೀದಿಯ ಈ ಕಡೆ. ನಡುವೆ ಮೂವತ್ತು ಹೆಜ್ಜೆ ಗಟ್ಟಿ ನೆಲ.

ಎರಡು ದಿನ ಬಿಟ್ಟು ಜಾಲರಿಯನ್ನೂ ಕಿತ್ತರು. ಕೆಲಸ ನೋಡಿಕೊಳ್ಳಲು ಇದ್ದ ಇಂಜಿನಿಯರ್ ಒಬ್ಬಳು ಹುಡುಗಿ, ಹಳದಿ ಹೆಲ್ಮೆಟ್ಟು, ಹೆಸರು ನಾಜಿಯಾ. ಕೂಲಿಯವರ ಹತ್ತಿರ ಕಷ್ಟಪಟ್ಟು ತಮಿಳು ಆಡುತ್ತಿದ್ದವಳು ಒಂದು ದಿನ ಫೋನಿನಲ್ಲಿ, "ಊಟ ಆಯ್ತಮ್ಮಾ, ಇಲ್ಲ, ಬಿಸಿಲಲ್ಲಿ ನಿಂತಿಲ್ಲ" ಎಂದು ಸುಡು ಬಿಸಿಲಲ್ಲಿ ನಿಂತು ಕನ್ನಡದಲ್ಲಿ ಸುಳ್ಳು ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಹರಿಹರದ ಕಡೆಯವಳಂತೆ. ಅವತ್ತಿನಿಂದ ಅವಳಿಗೆ ನಮ್ಮ ಮನೆಯ ಮಜ್ಜಿಗೆ, ನನಗೆ ಒಳಗಿನ ಸುದ್ದಿ.

ನಾಜಿಯಾ ಟಾರ್ಚು ಹಿಡಿದು ಬಗ್ಗಿ ನೋಡಿದಳು. "ಅಜ್ಜಿ, ಇದು ಹೊಳೆಗೆ ಸೇರಿದ್ದೇ ಅಲ್ಲ. ನಾಲ್ಕು ಕಡೆ ಗೋಡೆ, ಕೆಳಗೆ ಕಾಂಕ್ರೀಟು. ಯಾರೋ ಏನಕ್ಕೋ ಕಟ್ಟಿ ಮರ್ತುಬಿಟ್ಟಿದ್ದಾರೆ. ನನ್ನ ಡ್ರಾಯಿಂಗ್‌ನಲ್ಲೂ ಇಲ್ಲ."

"ಮತ್ತೆ ನೀರಿನ ಸದ್ದು?"

"ಗೋಡೆ ಪಕ್ಕ ಒಂದು ಹಳೇ ಪೈಪ್ ಹೋಗಿದೆ ನೋಡಿ. ಆ ಮುಚ್ಚಿರೋ ಪಟ್ಟರೆದು."

ನೀರು ಬರದ, ನೀರು ಹೋಗದ ಒಂದು ಗುಂಡಿ! ಮಳೆ ಬಂದರೆ ಬಿದ್ದದ್ದು ಬಿರುಕಿನಲ್ಲಿ ಇಂಗುತ್ತಿತ್ತು. ಮಿಕ್ಕಿದ್ದೆಲ್ಲ ಹಾಗೇ ಉಳಿದಿತ್ತು. ಕೂಲಿಯವರು ಕುಕ್ಕೆಯಲ್ಲಿ ತುಂಬಿ ತುಂಬಿ ಮೇಲೆ ಇಟ್ಟರು. ಅತ್ತೆಯ ಹಿತ್ತಾಳೆ ದೀಪ ಬಂತು. ಯಜಮಾನರ ನಶ್ಯದ ಡಬ್ಬಿ ಬಂತು. ಮಗ ಚಟ ಬಿಡಲಿ ಎಂದು ಅತ್ತೆ ಹೊಳೆಗೆ ಒಪ್ಪಿಸಿದ್ದರು, ಮಗ ಮಾರನೇ ದಿನವೇ ಬೇರೆ ಡಬ್ಬಿ ಕೊಂಡಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ರಟ್ಟು ಬಂತು. ಬಿಡಿಸಿದರೆ ಮುರುಗೇಶನ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡು, ಕಳೆದುಹೋಯಿತು ಎಂದು ಅವನು ಮೂರು ದಿನ ಅತ್ತು ನಂಬಿಸಿದ್ದದ್ದು. ಕನ್ನಡಕ ಹಾಕಿಕೊಂಡು ಯಜಮಾನರು ಬೀದಿಯಲ್ಲೇ ಓದಿದರು. "ಲೆಕ್ಕದಲ್ಲಿ ಹನ್ನೆರಡು! ಬಾರಪ್ಪಾ ಇಲ್ಲಿ, ಸೈನ್ ಹಾಕ್ಬೇಕಾ?" ನಲವತ್ತೊಂದು ವರ್ಷದ ಗಂಡಸು ಅಪ್ಪನ ಮುಂದೆ ತಲೆ ತಗ್ಗಿಸಿ ನಿಂತ. ಬೀದಿ ಬಿದ್ದು ಬಿದ್ದು ನಕ್ಕಿತು.

ಆಮೇಲೆ ಬಳೆ ಬಂದವು.

ಹಸಿರು ಬಳೆ. ಒಂದು ಕುಕ್ಕೆ, ಎರಡು ಕುಕ್ಕೆ. ಧೂಳು, ಅರಿಶಿನದ ಕರೆ, ಅದರೊಳಗೆ ಹಸಿರು. ಎಷ್ಟೋ ಒಡೆದಿದ್ದವು, ಎಷ್ಟೋ ಒಂದರ ಮೇಲೊಂದು ಬಿದ್ದು ಇಡಿಯಾಗಿ ಉಳಿದಿದ್ದವು. ನಗು ನಿಂತಿತು. ಕವಿತಾ ಪಾಪುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಒಂದು ಸಲ ನೋಡಿದಳು, ಒಳಗೆ ಹೋದಳು.

"ಪಾಟಿ ಮಾಡಿದ ಕೆಲಸ! ಗುಂಡೀನ ಹೊಳೆ ಅಂತ ನಂಬಿಸಿ ಹೋಗಿದ್ದಾಳೆ" ಎಂದು ಮುರುಗೇಶ ಸತ್ತ ಅಜ್ಜಿಯನ್ನು ಬೈದ. ಯಜಮಾನರೂ, "ನಮ್ಮಮ್ಮಂಗೆ ಓದು ಬರಹ ಇಲ್ವಲ್ಲ" ಎಂದರು. ನಾನು ಏನೆಂದೆ ಗೊತ್ತೇ? ಏನೂ ಅನ್ನಲಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಇರುವವರು ತಿರುಗಿ ಮಾತಾಡುವುದಿಲ್ಲ, ಅದು ಎಷ್ಟು ಅನುಕೂಲ!

ಒಳಗೆ ಹೋದರೆ ಕವಿತಾ ತೊಟ್ಟಿಲು ತೂಗುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಅತ್ತೆ, ನನ್ನ ಪಾಪನ್ನ ಇನ್ನು ಯಾವ ಕಂಬಿಗೂ ತೋರ್ಸಲ್ಲ. ಹೊಳೆ ಕಣ್ಣಿಗೆ ಕಾಣ್ಬೇಕು, ನೀರು ಹರೀತಿರ್ಬೇಕು. ಇಲ್ಲಾಂದ್ರೆ ತೋರ್ಸೋದೇ ಬೇಡ. ನಾನು ಅಡುಗೆಮನೆಗೆ ಬರೋದೂ ಬೇಡ. ನೀವೇ ಬೇಯ್ಸಿ ಹಾಕ್ತಾ ಇರಿ."

ಹನ್ನೊಂದು ವರ್ಷದಲ್ಲಿ ಅವಳು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದು. ಮುರುಗೇಶ ತೊಟ್ಟಿಲ ಪಕ್ಕ ನಿಂತು ಕೈ ಹಿಸುಕಿಕೊಂಡ. ಮಗುವನ್ನು ಇನ್ನೂ ಒಂದು ಸಲವೂ ಎತ್ತಿಕೊಂಡಿರಲಿಲ್ಲ ಅವನು.

ನಾನು ಸೆರಗು ಸಿಕ್ಕಿಸಿಕೊಂಡು ನಾಜಿಯಾಳ ಹತ್ತಿರ ಓಡಿದೆ. "ಹೊಳೆ ಇನ್ನೂ ಎಷ್ಟು ದಿನ ತೆರೆದಿರ್ತದೆ ಮಗಳೇ?"

"ನಿಮ್ಮ ಮನೆ ಎದುರಿಂದಾನೇ ಹೊಸ ಸ್ಲಾಬ್ ಶುರು ಅಜ್ಜಿ. ಮುಂದಿನ ಬುಧವಾರ. ದೊಡ್ಡವರೊಬ್ಬರು ಬಂದು ಪೂಜೆ ಮಾಡ್ತಾರೆ, ಶಾಮಿಯಾನಕ್ಕೂ ಹೇಳಿ ಆಗಿದೆ."

ಬೆರಳು ಮಡಿಸಿ ನೋಡಿದೆ. ಬುಧವಾರಕ್ಕೆ ಪಾಪುವಿಗೆ ಇಪ್ಪತ್ತೊಂದು ದಿನ. "ಒಂದೇ ಒಂದು ದಿನ ತಡ ಮಾಡು ತಾಯಿ. ಇಪ್ಪತ್ತೆರಡಕ್ಕೇ ತೋರಿಸ್ಬೇಕು."

"ಅಜ್ಜಿ, ಅದು ನನ್ನ ಕೈಲಿಲ್ಲ. ಅಲ್ಲಿ ನನ್ನ ಮಾತು ಕೇಳೋರು ಕ್ರೇನ್ ಡ್ರೈವರ್ ಒಬ್ಬನೇ. ಅವನೂ ಅರ್ಧ ಕೇಳ್ತಾನೆ."

ಮೂರು ದಿನ ನನಗೆ ಅನ್ನ ಸೇರಲಿಲ್ಲ. ಸತ್ತ ಅತ್ತೆ ಅಂದು ಹೇಗೆ ಕೂತಿದ್ದರೋ ಹಾಗೇ ಕೂತಿದ್ದೆ. ಇನ್ನೊಂದು ಸಲ ಮುಚ್ಚಿದರೆ ಮುಗಿಯಿತು. ಈ ಮುಚ್ಚಳ ಮುದಿಯಾಗುವ ಹೊತ್ತಿಗೆ ಪಾಪುವೇ ಅಜ್ಜಿಯಾಗುವ ಹತ್ತಿರ ಬಂದಿರುತ್ತಾಳೆ. ಇಪ್ಪತ್ತೊಂದಕ್ಕೇ ತೋರಿಸಿಬಿಡೋಣ ಎಂದರು ಯಜಮಾನರು. ಲೆಕ್ಕದಲ್ಲಿ ಹನ್ನೆರಡು ತೆಗೆದವನ ಅಪ್ಪನ ಹತ್ತಿರ ದಿನದ ಲೆಕ್ಕ ಮಾತಾಡುವುದಿಲ್ಲ ಎಂದೆ. ಕವಿತಾ ತೊಟ್ಟಿಲು ತೂಗುತ್ತಲೇ ಇದ್ದಳು.

ಮಂಗಳವಾರ ಸಂಜೆ ನಾಜಿಯಾ ಹೆಲ್ಮೆಟ್ ಕೈಯಲ್ಲಿ ಹಿಡಿದು ಓಡಿ ಬಂದಳು. "ಅಜ್ಜಿ! ಆ ದೊಡ್ಡವರಿಗೆ ನಾಳೆ ಬೇರೆ ಯಾವುದೋ ರಿಬ್ಬನ್ ಕಟ್ ಮಾಡೋದಿದೆಯಂತೆ. ಗುರುವಾರ ಹತ್ತು ಗಂಟೆಗೆ ಬರ್ತಾರಂತೆ!"

ದೊಡ್ಡ ಮನುಷ್ಯರು ಹೇಳಿದ ದಿನಕ್ಕೆ ಬಾರದೆ ಇದ್ದದ್ದರಿಂದ ನನಗೆ ಉಪಕಾರವಾದದ್ದು ಈ ಜನ್ಮದಲ್ಲಿ ಅದೇ ಮೊದಲು. ಅವರ ಕತ್ತರಿ ಸುಖವಾಗಿರಲಿ.

ಗುರುವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ನಾಜಿಯಾ ಮಣ್ಣಿನ ಇಳಿಜಾರಿನ ಹತ್ತಿರ ಅಡ್ಡ ನಿಂತಳು. "ಹೆಲ್ಮೆಟ್ ಇಲ್ಲದೆ ಯಾರೂ ಕೆಳಗೆ ಇಳಿಯೋ ಹಾಗಿಲ್ಲ."

ರೇಷ್ಮೆ ಸೀರೆ, ತಲೆಯಲ್ಲಿ ಮಲ್ಲಿಗೆ, ಅದರ ಮೇಲೆ ಹಳದಿ ಹೆಲ್ಮೆಟ್ಟು ಕೂರಿಸಿಕೊಂಡೆ. ಕವಿತಾಳೂ ಹಾಕಿಕೊಂಡಳು. ಯಜಮಾನರು ಹಾಕಿಕೊಂಡು, "ಏನು ನಾಲ್ಕನೇ ಕ್ಲಾಸು, ಈಗ ಇಂಜಿನಿಯರ್ರೇ ಆಗ್ಬಿಟ್ಟೆ" ಎಂದರು. ಪಾಪುವಿನ ತಲೆಗೆ ಆಗುವ ಹೆಲ್ಮೆಟ್ಟು ಎಲ್ಲಿಂದ ತರುವುದು? ನಾಜಿಯಾ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಮಗು ಮೇಲೇ ಇರ್ಲಿ. ಅಲ್ಲಿಂದಾನೂ ಹೊಳೆ ಚೆನ್ನಾಗಿ ಕಾಣತ್ತೆ."

ಕಂಡರೆ ಸಾಕಲ್ಲ! ತೋರಿಸುವುದು ಎಂದರೆ ಕಾಣುವುದು ತಾನೇ. ಆದರೆ ನಾವು ಕೆಳಗಿಳಿದರೆ ಮೇಲೆ ಮಗುವನ್ನು ಹಿಡಿದು ನಿಲ್ಲುವವರು ಯಾರು? ಕವಿತಾ ನನ್ನ ಮುಖವನ್ನೂ ನೋಡಲಿಲ್ಲ, ಪದ್ಧತಿಯನ್ನೂ ಕೇಳಲಿಲ್ಲ. ಮಗುವನ್ನು ಮುರುಗೇಶನ ಕೈಗೆ ಇಟ್ಟಳು. ಅವನು ಒಡೆಯುವ ಪಾತ್ರೆ ಹಿಡಿದವನ ಹಾಗೆ ಹಿಡಿದುಕೊಂಡು, ಹೊಳೆಯ ಕಡೆ ಮುಖ ಮಾಡಿಸಿ ನಿಂತ. ಪಾಪು ಆಕಳಿಸಿದಳು. ನಲವತ್ತು ವರ್ಷ ಕಾದ ಹೊಳೆಗೆ ಅವಳು ಕೊಟ್ಟ ಮರ್ಯಾದೆ ಅಷ್ಟು. ಮುರುಗೇಶನ ಕಣ್ಣಿನಿಂದ ಮಾತ್ರ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮಗುವಿನ ತಲೆಗೆ ಮುಟ್ಟಿಸಬೇಕಾದ ಮೂರು ಹನಿ? ಆ ಕಪ್ಪು ನೀರನ್ನು ನನ್ನ ಮೊಮ್ಮಗಳಿಗೆ ಮುಟ್ಟಿಸುವುದೇ? ಕವಿತಾ ಅದಕ್ಕೂ ಯೋಚಿಸಿ ಬಂದಿದ್ದಳು. ಕಾಯಿಸಿ ಆರಿಸಿದ ಒಂದು ಚೊಂಬು ನೀರು ತಂದಿದ್ದಳು. ಇಳಿಯುವ ಮೊದಲು ಅದರಲ್ಲಿ ಮೂರು ಹನಿ ಮಗುವಿಗೆ ಮುಟ್ಟಿಸಿದಳು. ಕೆಳಗಿಳಿದು ಮಿಕ್ಕಿದ್ದನ್ನು ಹೊಳೆಗೆ ಹೊಯ್ದಳು. "ತಗೋ, ನೀನೂ ಸ್ನಾನ ಮಾಡು" ಎಂದಳು.

ಆಮೇಲೆ ಪಾಪುವಿನ ಪುಟ್ಟ ಬಳೆಯನ್ನು ಬಿಟ್ಟಳು. ಬಿಡುವಾಗ ಹೆಲ್ಮೆಟ್ಟನ್ನು ಒಂದು ಕಡೆ ಸರಿಸಿ, ಕಿವಿ ಬಗ್ಗಿಸಿ ಕೇಳಿದಳು. ಚುಳುಕ್ ಎಂದಿತು. ಅವಳ ಮುಖ ಅರಳಿತು. ಬಳೆ ಬಿಟ್ಟರೆ ನೋಡುವುದು ಬಿಟ್ಟು ಕೇಳುತ್ತಾಳಲ್ಲ ಎಂದು ನನಗೆ ವಿಚಿತ್ರ ಎನಿಸಿತು.

ಹತ್ತು ಗಂಟೆಗೆ ಬರಬೇಕಾದವರು ಹನ್ನೆರಡೂವರೆಗೆ ಬಂದರು. ಸ್ಲಾಬಿಗೆ ಹೂವಿನ ಹಾರ ಹಾಕಿದರು. ಹೊಳೆಯ ಕಡೆ ತಿರುಗಿಯೂ ನೋಡದೆ, ಮೂಗಿಗೆ ಕರ್ಚೀಫು ಹಿಡಿದು, ಊರಿಗೆ ಹೊಸ ಬೀದಿ ಕೊಡುತ್ತಿದ್ದೇವೆ ಎಂದು ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಈ ಸಲ ನಾನು ತಟ್ಟಲಿಲ್ಲ. ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದೆ, ಕೈ ಬಿಡುವಿರಲಿಲ್ಲ. ಸಂಜೆಯ ಹೊತ್ತಿಗೆ ನಮ್ಮ ಎದುರಿನ ಹೊಳೆ ಮತ್ತೆ ಮಾಯ.

ಆದರೇನು! ಸಂಜೆ ನಡುಮನೆಯಲ್ಲಿ ಬಾಳೆಲೆ ಹಾಸಿ ಎಲ್ಲರೂ ಸುತ್ತ ಕೂತೆವು. ಪಾತ್ರೆಗಳೆಲ್ಲ ನಡುವೆ, ಬೇಕಾದವರು ಬಡಿಸಿಕೊಳ್ಳುವುದು. ಯಜಮಾನರು, ನಾನು, ಕವಿತಾ, ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಉಣ್ಣುತ್ತಿದ್ದ ಮುರುಗೇಶ. ಅವನಿಂದ ಮಗುವನ್ನು ಈಸಿಕೊಳ್ಳಲು ನಾಲ್ಕು ಸಲ ನೋಡಿದೆ, ಕೊಡಲಿಲ್ಲ. ನಾಜಿಯಾಳನ್ನೂ ಎಳೆದು ತಂದು ಕೂರಿಸಿದ್ದೆ. ಸಾಂಬಾರಿಗೆ ಕವಿತಾ ತನ್ನ ಕೈಯಾರೆ ಉಪ್ಪು ಹಾಕಿದ್ದಳು. ಅವಳು ಹಾಕುವ ಮೊದಲೇ ನಾನು ಅಭ್ಯಾಸ ಬಲದಿಂದ ಹಾಕಿಬಿಟ್ಟಿದ್ದೆ, ಹೇಳಲು ಮರೆತೆ. ಯಜಮಾನರು ಒಂದು ತುತ್ತು ಬಾಯಿಗಿಟ್ಟು ನೀರಿನ ಲೋಟ ಎತ್ತಿದರು.

ಮೂರನೇ ಒಬ್ಬಟ್ಟು ಒಳಗೆ ಹೋದ ಮೇಲೆ ನನ್ನ ಹೊಟ್ಟೆಯಲ್ಲಿ ಇದ್ದದ್ದು ನಿಲ್ಲಲಿಲ್ಲ. "ಸತ್ತವರನ್ನ ಬೈಬೇಡಿ. ಆ ಗುಂಡೀನ ಹೊಳೆ ಅಂತ ತೋರ್ಸಿದ್ದು ಅತ್ತೆ ಅಲ್ಲ, ನಾನು" ಎಂದುಬಿಟ್ಟೆ.

ಮುರುಗೇಶನ ಕೈ ಎಲೆಯ ಮೇಲೆ ನಿಂತಿತು. ಯಜಮಾನರು, "ಲೆಕ್ಕದಲ್ಲಿ ಹನ್ನೆರಡು ಯಾರ ಕಡೆಯಿಂದ ಬಂತು ಅಂತ ಇವತ್ತು ಗೊತ್ತಾಯ್ತು" ಎಂದರು. ನಾಜಿಯಾ ನಗು ತಡೆಯಲು ಹಪ್ಪಳ ಬಾಯಿಗಿಟ್ಟುಕೊಂಡಳು. ನಾನು ಕವಿತಾಳನ್ನೇ ನೋಡುತ್ತಿದ್ದೆ.

ಅವಳು ಅನ್ನಕ್ಕೆ ತುಪ್ಪ ಕಲಸುತ್ತಾ ಹೇಳಿದಳು: "ಅದರ ಕೆಳಗೆ ಹೊಳೆ ಇಲ್ಲ ಅಂತ ನಂಗೆ ಮೂರನೇ ಶುಕ್ರವಾರವೇ ಗೊತ್ತು ಅತ್ತೆ."

"ಹೇಗೆ?"

"ನೀರಿಗೆ ಬಿದ್ರೆ ಕಿಣ್ ಅಂತದಾ? ಬಳೆ ಮೇಲೆ ಬಳೆ ಬಿದ್ದ ಸದ್ದು. ಪ್ರತಿ ವಾರ ಅದೇ ಸದ್ದು."

"ಗೊತ್ತಿದ್ದೂ ಇಷ್ಟು ವರ್ಷ ಯಾಕೆ ನಿಂತೆ ಕಣ್ಣು?" ಎಂದೆ.

"ಶುಕ್ರವಾರ ಅರ್ಧ ಗಂಟೆ ಅತ್ತೆ. ನಾನು ಅಲ್ಲಿ ನಿಂತಿದ್ದಾಗ ಮಾತ್ರ ಯಾರೂ 'ಏನಾದ್ರೂ ವಿಶೇಷ ಉಂಟಾ' ಅಂತ ಕೇಳ್ತಿರ್ಲಿಲ್ಲ."

ಹೇಳಿ, ತುತ್ತು ಬಾಯಿಗಿಟ್ಟುಕೊಂಡಳು. ಕೋಪವೇನೂ ಇರಲಿಲ್ಲ ಮುಖದಲ್ಲಿ. ಉಪ್ಪು ಹತ್ತಿದ್ದರಿಂದ ಹುಬ್ಬು ಸ್ವಲ್ಪ ಗಂಟಿಕ್ಕಿತು ಅಷ್ಟೇ. "ಅಯ್ಯೋ, ಸಾಂಬಾರು ಉಪ್ಪಾಗಿದೆ! ಹಾಕ್ಕೋಬೇಡಿ ಅತ್ತೆ, ರಸ ಹಾಕ್ಕೊಳ್ಳಿ" ಎಂದಳು.

"ಯಾರಂದ್ರು ಉಪ್ಪು ಅಂತ?" ಎಂದೆ. ಎರಡು ಸೌಟು ಸಾಂಬಾರು ಬಡಿಸಿಕೊಂಡು, ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡೆ.